ಮೆಟ್ರೊ ಬಂದ ಕೆಂಗೇರಿಗೆ ಕಾರ್ಪೊರೇಟರ್ ಇಲ್ಲ

ಕೆಂಗೇರಿಯಲ್ಲಿ ಮನೆ ಮಾರುವವರ ಜಾಹೀರಾತುಗಳನ್ನು ಓದಿದರೆ ಇದಕ್ಕಿಂತ ಅನುಕೂಲದ ಊರು ಇನ್ನೊಂದಿಲ್ಲ ಅನ್ನಿಸುತ್ತದೆ. ಮೆಟ್ರೊ ಇದೆ, ರೈಲು ನಿಲ್ದಾಣ ಇದೆ, ದೊಡ್ಡ ಬಸ್ ನಿಲ್ದಾಣ ಇದೆ, ನೈಸ್ ರಸ್ತೆ ಇದೆ, ಮೈಸೂರಿನ ದಶಪಥ ಹೆದ್ದಾರಿ ಕೈಗೆಟುಕುವಷ್ಟು ಹತ್ತಿರದಲ್ಲಿದೆ. ಇದರಲ್ಲಿ ಸುಳ್ಳು ಒಂದೂ ಇಲ್ಲ.

ನಾನು ಕೆಂಗೇರಿ ಉಪನಗರದ ನಿವಾಸಿ. ಈ ಊರನ್ನು ತಲುಪುವುದು ವರ್ಷದಿಂದ ವರ್ಷಕ್ಕೆ ಸುಲಭವಾಗುತ್ತಿದೆ, ಇಲ್ಲಿ ಬದುಕುವುದು ಅಷ್ಟು ಸುಲಭವಾಗಿಲ್ಲ. ಹಣ ಸಾಲದು, ಜನ ಹೆಚ್ಚಾದರು, ಮಳೆ ಜೋರಾಯಿತು ಎಂದು ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ನನ್ನ ಕಣ್ಣಿಗೆ ಕಾಣುವ ಕಾರಣ ಬೇರೆ. ನಮ್ಮ ಬೀದಿಯ ಬಗ್ಗೆ ಉತ್ತರ ಹೇಳಬೇಕಾದ, ನಾವೇ ಆರಿಸಿ ಕಳಿಸಿದ ಒಬ್ಬ ಮನುಷ್ಯ ಈ ಊರಿನಲ್ಲಿ ಇಲ್ಲ. 2020ರ ಸೆಪ್ಟೆಂಬರ್‌ನಿಂದ ಇಲ್ಲ.

ಇತ್ತೀಚೆಗೆ ಬಂದವರಿಗೆ ಗೊತ್ತಿರಲಿಕ್ಕಿಲ್ಲ, ಕೆಂಗೇರಿ ಬೆಂಗಳೂರಿನ ಬಡಾವಣೆಯಾಗಿ ಹುಟ್ಟಿದ್ದಲ್ಲ. ಮೈಸೂರು ರಸ್ತೆಯ ಮೇಲೆ ತನ್ನ ಪಾಡಿಗೆ ತಾನಿದ್ದ ಊರು. ಕಂದಾಯ ದಾಖಲೆಗಳಲ್ಲಿ ಈಗಲೂ ಹೋಬಳಿ ಕೇಂದ್ರ. ಸುತ್ತಲಿನ ಹಳ್ಳಿಗಳ ಪಹಣಿಯಲ್ಲಿ ‘ಕೆಂಗೇರಿ ಹೋಬಳಿ, ಬೆಂಗಳೂರು ದಕ್ಷಿಣ ತಾಲ್ಲೂಕು’ ಎಂದೇ ಇರುತ್ತದೆ. ಹಳೇ ಕೆಂಗೇರಿಯ ಪಕ್ಕದಲ್ಲಿ ಉಪನಗರ ಬೆಳೆಯಿತು. 2007ರ ಜನವರಿಯಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳು ಹಳೆಯ ಪಾಲಿಕೆಯೊಳಗೆ ಸೇರಿಹೋದವು. ರಾಜರಾಜೇಶ್ವರಿ ನಗರ, ದಾಸರಹಳ್ಳಿ, ಬೊಮ್ಮನಹಳ್ಳಿ, ಕೃಷ್ಣರಾಜಪುರ, ಮಹದೇವಪುರ, ಬ್ಯಾಟರಾಯನಪುರ, ಯಲಹಂಕ ನಗರಸಭೆಗಳಾಗಿದ್ದವು. ಆ ಒಂದೇ ಒಂದು ಪುರಸಭೆ ನಮ್ಮದು.

ಪುರಸಭೆಯ ಕಾಲ ಚಿನ್ನದ ಕಾಲವಾಗಿತ್ತು ಎಂದು ನಾನು ಹೇಳುವುದಿಲ್ಲ. ಅದರ ಕೈಯಲ್ಲಿ ಹಣ ಕಡಿಮೆ ಇತ್ತು. ಆದರೆ ನಮ್ಮ ರಾಜ್ಯದ ಕಾನೂನಿನಲ್ಲಿ ಪುರಸಭೆ ಎಂದರೆ ಇಪ್ಪತ್ತರಿಂದ ಐವತ್ತು ಸಾವಿರ ಜನರ ಊರು; ಒಂದೆರಡು ಸಾವಿರ ಜನರಿಗೆ ಒಬ್ಬ ಸದಸ್ಯ ಸಿಗುತ್ತಾನೆ. ಆತ ಬೆಳಿಗ್ಗೆ ಹಾಲು ತರಲು ಹೋದಾಗ ಎದುರಾಗುತ್ತಾನೆ, ಮದುವೆ ಮನೆಯ ಊಟದ ಸಾಲಿನಲ್ಲಿ ಪಕ್ಕದಲ್ಲೇ ಕುಳಿತಿರುತ್ತಾನೆ. ಮೋರಿ ಕಟ್ಟಿದ್ದರೆ ಅಲ್ಲೇ ಕೇಳಬಹುದು. 2010ರಲ್ಲಿ ಪಾಲಿಕೆಗೆ ಚುನಾವಣೆ ನಡೆದಾಗ ಇಡೀ ನಗರಕ್ಕೆ 198 ವಾರ್ಡ್‌ಗಳಿದ್ದವು. 2011ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 84 ಲಕ್ಷ. ಭಾಗಿಸಿ ನೋಡಿದರೆ ಸರಾಸರಿ 42 ಸಾವಿರಕ್ಕೂ ಹೆಚ್ಚು ಜನರಿಗೆ ಒಬ್ಬ ಕಾರ್ಪೊರೇಟರ್. ಪೂರ್ತಿ ಒಂದು ಪುರಸಭೆ ನೋಡಿಕೊಳ್ಳುವಷ್ಟು ಜನರನ್ನು ಒಬ್ಬರ ಹೆಗಲಿಗೆ ಹೊರಿಸಿದಂತಾಯಿತು. ಆಗಲಿ, ಒಬ್ಬರಾದರೂ ಇದ್ದರು.

2015ರಲ್ಲಿ ಇನ್ನೊಂದು ಚುನಾವಣೆ ನಡೆಯಿತು. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಅಲ್ಲಿಂದ ಮುಂದೆ ಆಡಳಿತಾಧಿಕಾರಿಗಳದೇ ಆಳ್ವಿಕೆ. ವಾರ್ಡ್‌ಗಳನ್ನು 243 ಎಂದರು, ಆಮೇಲೆ 225 ಎಂದರು. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ಪಾಲಿಕೆಗಳಾದವು, ಒಟ್ಟು 369 ವಾರ್ಡ್‌ಗಳೆಂದು ಗೊತ್ತುಮಾಡಿದರು. ವಾರ್ಡ್‌ಗಳು ಚಿಕ್ಕದಾಗುವುದು ಒಳ್ಳೆಯದೇ, ನಾನು ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಗಡಿ ಎಳೆಯುವುದರಲ್ಲೇ ಐದು ವರ್ಷ ದಾಟಿತು. ಸಂವಿಧಾನದ 74ನೇ ತಿದ್ದುಪಡಿ 1993ರಿಂದ ಜಾರಿಯಲ್ಲಿದೆ. ಯಾವುದೇ ನಗರಾಡಳಿತದ ಅವಧಿ ಐದು ವರ್ಷ ಮೀರಬಾರದು, ಆ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎಂದು ಅದರ 243–ಯು ವಿಧಿ ಹೇಳುತ್ತದೆ. ಇಷ್ಟು ಸ್ಪಷ್ಟವಾದ ಮಾತನ್ನು ರಾಜ್ಯದ ರಾಜಧಾನಿಯಲ್ಲೇ ಪಾಲಿಸಲಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ವಿಷಯ. ಪಕ್ಷಗಳ ಹೆಸರು ಎತ್ತುವುದಿಲ್ಲ. ಈ ಅವಧಿಯಲ್ಲಿ ಸರ್ಕಾರವೂ ಬದಲಾಯಿತು, ಚುನಾವಣೆ ಮಾತ್ರ ಆಗಲಿಲ್ಲ.

ಶಾಸಕರಿಲ್ಲವೇ ಎಂದು ಕೇಳುವವರಿದ್ದಾರೆ. ಇದ್ದಾರೆ. ಆದರೆ ನಮ್ಮ ವಿಧಾನಸಭಾ ಕ್ಷೇತ್ರದ ಹೆಸರು ಯಶವಂತಪುರ. ಲೋಕಸಭೆಗೆ ನಾವು ಬೆಂಗಳೂರು ಉತ್ತರ, ಕಂದಾಯಕ್ಕೆ ಬೆಂಗಳೂರು ದಕ್ಷಿಣ. ಈ ನಕ್ಷೆಗಳಲ್ಲಿ ಯಾವುದನ್ನು ತೆಗೆದರೂ ಕೆಂಗೇರಿ ಅಂಚಿನಲ್ಲೇ ಇರುತ್ತದೆ. ಶಾಸಕರ ಕೆಲಸ ಕಾನೂನು ಮಾಡುವುದು; ನಮ್ಮ ಅಡ್ಡರಸ್ತೆಯ ದೀಪ ಕೆಟ್ಟಿದೆ ಎಂದು ಅವರ ಮನೆಯ ಮುಂದೆ ನಿಲ್ಲಬೇಕಾಗಿ ಬಂದರೆ ವ್ಯವಸ್ಥೆಯಲ್ಲೇ ಏನೋ ತಪ್ಪಿದೆ.

ನಮ್ಮ ಬೀದಿಯ ತಿರುವಿನಲ್ಲಿ ಮೋರಿಯ ಮೇಲಿನ ಚಪ್ಪಡಿ ಮುರಿದು ತುಂಬಾ ದಿನ ಹಾಗೇ ಇತ್ತು. ಮೆಟ್ರೊಗೆ ನಡೆದು ಹೋಗುವವರೆಲ್ಲ ಅದನ್ನು ದಾಟಿಯೇ ಹೋಗಬೇಕು. ಮೊಬೈಲ್‌ನಲ್ಲಿ ದೂರು ಕೊಟ್ಟೆ. ಕೆಲವು ದಿನಗಳ ನಂತರ ‘ದೂರು ಪರಿಹರಿಸಲಾಗಿದೆ’ ಎಂಬ ಸಂದೇಶ ಬಂತು. ಚಪ್ಪಡಿ ಮಾತ್ರ ಹಾಗೇ ಇತ್ತು. ಒಂದು ಕಚೇರಿಗೆ ಹೋದೆ. ಅಲ್ಲಿದ್ದವರು ಸೌಜನ್ಯದಿಂದಲೇ ಮಾತನಾಡಿದರು. “ರಸ್ತೆ ನಮ್ಮದು ಸರ್, ಮೋರಿ ನಮ್ಮ ವ್ಯಾಪ್ತಿಗೆ ಬರುವುದಿಲ್ಲ” ಎಂದರು. ಅವರು ಹೇಳಿದ ಇನ್ನೊಂದು ಕಚೇರಿಯಲ್ಲಿ “ಕೇಬಲ್ ಹಾಕಲು ಅಗೆದವರು ಮುರಿದಿದ್ದರೆ ಅವರೇ ಸರಿಪಡಿಸಬೇಕು” ಎಂದರು. ಕೊನೆಗೆ ಪಕ್ಕದ ರಸ್ತೆಯಲ್ಲಿ ಮನೆ ಕಟ್ಟಿಸುತ್ತಿದ್ದವರು, ಅಲ್ಲಿ ಒಬ್ಬ ಅಜ್ಜಿ ಎಡವಿದ್ದನ್ನು ಕಂಡು, ತಮ್ಮ ಕೆಲಸಕ್ಕೆ ತರಿಸಿದ್ದ ಕಲ್ಲೊಂದನ್ನು ಹಾಕಿಸಿದರು. ಆ ಇಬ್ಬರು ಸಿಬ್ಬಂದಿಯ ಮೇಲೆ ನನಗೆ ಸಿಟ್ಟಿಲ್ಲ. ಅವರವರ ಕಡತದ ಗಡಿ ಎಲ್ಲಿ ಮುಗಿಯುತ್ತದೆ ಎಂದು ಅವರು ಹೇಳಿದರು, ಅಷ್ಟೇ. ಎರಡು ಕಡತಗಳ ನಡುವೆ ಬಿದ್ದಿರುವ ಕಲ್ಲನ್ನು ಎತ್ತಿಸಬೇಕಾದವರು ಚುನಾಯಿತ ಪ್ರತಿನಿಧಿ. ಆ ಕುರ್ಚಿ ಖಾಲಿ ಇತ್ತು.

ದೊಡ್ಡ ಕೆಲಸಗಳ ಕಥೆ ಬೇರೆಯೇ. ಅದನ್ನು ಮೆಚ್ಚಿಕೊಂಡೇ ಹೇಳುತ್ತೇನೆ. 2021ರ ಆಗಸ್ಟ್ 29ರಂದು ಮೈಸೂರು ರಸ್ತೆಯಿಂದ ಕೆಂಗೇರಿವರೆಗಿನ ಏಳೂವರೆ ಕಿಲೋಮೀಟರ್ ಮೆಟ್ರೊ ಮಾರ್ಗ ಉದ್ಘಾಟನೆಯಾಯಿತು: ನಾಯಂಡಹಳ್ಳಿ, ರಾಜರಾಜೇಶ್ವರಿ ನಗರ, ಜ್ಞಾನಭಾರತಿ, ಪಟ್ಟಣಗೆರೆ, ಕೆಂಗೇರಿ ಬಸ್ ಟರ್ಮಿನಲ್, ಕೆಂಗೇರಿ. 2023ರ ಅಕ್ಟೋಬರ್ 9ರಂದು ಅದು ಚಲ್ಲಘಟ್ಟಕ್ಕೆ ವಿಸ್ತರಿಸಿತು. ಅದೇ ದಿನ ಅತ್ತ ಬೈಯಪ್ಪನಹಳ್ಳಿ ಮತ್ತು ಕೃಷ್ಣರಾಜಪುರದ ನಡುವಿನ ತುಂಡೂ ಸೇರಿಕೊಂಡಿದ್ದರಿಂದ ಈಗ ನೇರಳೆ ಮಾರ್ಗದಲ್ಲಿ ಎಲ್ಲೂ ಇಳಿಯದೆ ವೈಟ್‌ಫೀಲ್ಡ್‌ವರೆಗೆ ಹೋಗಬಹುದು. ನಾಯಂಡಹಳ್ಳಿಯ ಸಂಚಾರ ದಟ್ಟಣೆಯಲ್ಲಿ ಸಿಕ್ಕಿಕೊಂಡು ಬೆವರಿದ್ದವರಿಗೆ ಇದರ ಬೆಲೆ ಗೊತ್ತು. ನಮ್ಮ ಕಡೆಯ ಹುಡುಗಿಯರು ದೂರದ ಕಾಲೇಜಿಗೂ ಕೆಲಸಕ್ಕೂ ಹೋಗಿ ಕತ್ತಲಾದ ಮೇಲೂ ನಿರಾತಂಕವಾಗಿ ಮರಳುವಂತಾಗಿದೆ. ಮೆಟ್ರೊ ನಮಗೆ ಕೊಟ್ಟದ್ದರಲ್ಲಿ ಅತಿ ದೊಡ್ಡದು ಇದು ಎಂದೇ ನನ್ನ ಭಾವನೆ.

ಆದರೆ 2025ರ ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿ, ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಹೋಯಿತು. ಗಾರ್ಮೆಂಟ್ಸ್ ಕೆಲಸದವರು, ಮನೆಗೆಲಸದವರು ಮತ್ತೆ ಬಸ್ಸಿನ ಕಡೆಗೆ ನೋಡುತ್ತಿದ್ದಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತ, ಆದರೆ ಬಸ್ಸು ಬರಬೇಕಲ್ಲ. ಕೊಮ್ಮಘಟ್ಟ, ಉಲ್ಲಾಳು, ಹೆಮ್ಮಿಗೆಪುರದ ಒಳರಸ್ತೆಗಳಿಂದ ಮೆಟ್ರೊಗೆ ತಂದು ಬಿಡುವ ಸಣ್ಣ ಬಸ್ಸುಗಳು ಹೆಚ್ಚಬೇಕು. ಎಷ್ಟು ಗಂಟೆಗೆ, ಯಾವ ತಿರುವಿನಲ್ಲಿ ಬಸ್ಸು ಬೇಕು ಎಂಬುದು ಆ ಬೀದಿಯವರಿಗೇ ಗೊತ್ತಿರುವ ವಿಷಯ. ಅದನ್ನು ಕೇಳಿಸಿಕೊಂಡು ಸಾರಿಗೆ ಸಂಸ್ಥೆಗೆ ಮುಟ್ಟಿಸುವ ಕೆಲಸ ಯಾರದು? ಮತ್ತೆ ಅದೇ ಖಾಲಿ ಕುರ್ಚಿ.

ಉಪನಗರ ರೈಲಿನ ಬಗ್ಗೆ ಒಂದು ಮಾತು. 148 ಕಿಲೋಮೀಟರ್‌ಗಳ ಆ ಯೋಜನೆಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯಿತು. ಅದರಲ್ಲಿ ಕೆಂಗೇರಿಯಿಂದ ದಂಡು (ಕಂಟೋನ್ಮೆಂಟ್) ನಿಲ್ದಾಣದ ಮಾರ್ಗವಾಗಿ ವೈಟ್‌ಫೀಲ್ಡ್‌ಗೆ ಹೋಗುವ ಸುಮಾರು 35 ಕಿಲೋಮೀಟರ್ ಮಾರ್ಗಕ್ಕೆ ‘ಪಾರಿಜಾತ’ ಎಂದು ಹೆಸರು. ಕೆಲಸ ಮೊದಲು ಹಿಡಿದದ್ದು ಮಲ್ಲಿಗೆ ಮತ್ತು ಕನಕ ಮಾರ್ಗಗಳಲ್ಲಿ. ನಮ್ಮ ಪಾರಿಜಾತ ಇನ್ನೂ ಅರಳಬೇಕು.

ನೀರಿನ ವಿಷಯಕ್ಕೆ ಬರುತ್ತೇನೆ. ಹೊಸದಾಗಿ ಸೇರಿದ ಏಳು ನಗರಸಭೆ, ಒಂದು ಪುರಸಭೆ ಪ್ರದೇಶಗಳಿಗೆಂದೇ ಪ್ರತ್ಯೇಕ ನೀರು ಮತ್ತು ಒಳಚರಂಡಿ ಯೋಜನೆ ಮಾಡಿದ್ದರು. ಜನರಿಂದ ಮುಂಗಡವಾಗಿ ವಂತಿಗೆ ಪಡೆದರು. ಪೈಪು ಮೊದಲು ಬಂತು, ನೀರು ಆಮೇಲೆ. ಕಾವೇರಿ ನಾಲ್ಕನೇ ಹಂತದ ಎರಡನೇ ಘಟ್ಟ 2012ರಲ್ಲಿ ಮುಗಿದು ದಿನಕ್ಕೆ 50 ಕೋಟಿ ಲೀಟರ್ ಹೆಚ್ಚುವರಿ ನೀರು ನಗರಕ್ಕೆ ಸಿಕ್ಕ ಮೇಲೆಯೇ ಈ ಹೊರವಲಯದ ಕೊಳಾಯಿಗಳಿಗೆ ಜೀವ ಬಂದದ್ದು. 110 ಹಳ್ಳಿಗಳ ಸರದಿ ಇನ್ನೂ ತಡವಾಯಿತು. ಅವುಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್‌ಗಳ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು, ಅಂದರೆ ಆ ಹಳ್ಳಿಗಳು ನಗರಕ್ಕೆ ಸೇರಿ ಹದಿನೇಳು ವರ್ಷಗಳಾದ ಮೇಲೆ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪು ಮಾಡಿ ತರುವ ನೀರು ಅದು. ಎಂಜಿನಿಯರುಗಳ, ಕಾರ್ಮಿಕರ ಆ ದುಡಿಮೆಗೆ ನಾನು ಕೈಮುಗಿಯುತ್ತೇನೆ.

ಆ ಅಕ್ಟೋಬರ್‌ಗೆ ಮೊದಲಿನ ಬೇಸಿಗೆಯನ್ನು ಯಾರೂ ಮರೆತಿರಲಾರರು. ಕೊಳವೆಬಾವಿಗಳು ಬತ್ತಿದವು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು 2024ರ ಮಾರ್ಚ್‌ನಲ್ಲಿ ಆದೇಶ ಬಂತು. ಖಾಸಗಿ ಟ್ಯಾಂಕರ್‌ಗಳಿಗೆ ಜಿಲ್ಲಾಡಳಿತ ದರ ಕಟ್ಟಿತು: ಐದು ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600 ರೂಪಾಯಿ, 12,000 ಲೀಟರ್‌ಗೆ 1,000 ರೂಪಾಯಿ. ಆದೇಶ ಸರಿಯಾಗಿಯೇ ಇತ್ತು. ಅದನ್ನು ಪ್ರತಿ ಬೀದಿಯಲ್ಲೂ ನಿಂತು ಜಾರಿಗೆ ತರಲು ಅಧಿಕಾರಿಗಳ ಸಂಖ್ಯೆ ಸಾಲುವುದಿಲ್ಲ. ಯಾವ ಬೀದಿಗೆ ಟ್ಯಾಂಕರ್ ಬಂದಿಲ್ಲ, ಯಾವ ಮನೆಯಲ್ಲಿ ಹಾಸಿಗೆ ಹಿಡಿದ ರೋಗಿ ಇದ್ದಾರೆ, ಯಾರು ದುಡ್ಡು ಕೊಡಲಾರರು ಎಂಬುದು ವಾರ್ಡ್ ಮಟ್ಟದಲ್ಲಿ ತಿಳಿಯಬೇಕಾದ ಸಂಗತಿ. ಆ ಬೇಸಿಗೆಯಲ್ಲಿ ಇಡೀ ಬೆಂಗಳೂರಿನಲ್ಲಿ ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ.

ನಮ್ಮ ಮನೆಗಳಿಗೆ ಬಂದ ಕಾವೇರಿ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಮೈಸೂರು ರಸ್ತೆಯಲ್ಲಿ ಓಡಾಡುವವರ ಮೂಗಿಗೆ ಗೊತ್ತು. ಬಸವನಗುಡಿ ಕಡೆ ಹುಟ್ಟಿದ ವೃಷಭಾವತಿ ನಗರದ ಕೊಳಚೆಯನ್ನೆಲ್ಲ ಹೊತ್ತು ನಮ್ಮ ಊರನ್ನು ಹಾಯ್ದು, ಬಿಡದಿ ಬಳಿಯ ಬೈರಮಂಗಲ ಕೆರೆಯನ್ನು ಸೇರಿ, ಅಲ್ಲಿಂದ ಅರ್ಕಾವತಿಗೆ, ಸಂಗಮದಲ್ಲಿ ಮತ್ತೆ ಕಾವೇರಿಗೆ ಹೋಗುತ್ತದೆ. ಕಾವೇರಿಯಿಂದ ಎತ್ತಿ ತಂದದ್ದನ್ನು ನೊರೆಯಾಗಿಸಿ ಕಾವೇರಿಗೇ ಮರಳಿಸುತ್ತಿದ್ದೇವೆ, ನಡುವೆ ಬೈರಮಂಗಲದ ರೈತರು ಆ ನೀರಿನಲ್ಲೇ ಹೊಲ ಮಾಡಬೇಕಾಗಿದೆ. ಈ ನದಿಯನ್ನು ಶುದ್ಧ ಮಾಡುವುದು ಒಂದು ವಾರ್ಡ್‌ನ ಕೈಯಲ್ಲಿಲ್ಲ, ನಿಜ. ಆದರೆ ಯಾವ ಅಪಾರ್ಟ್‌ಮೆಂಟ್‌ನ ಕೊಳಚೆ ಪೈಪು ರಾತ್ರೋರಾತ್ರಿ ಮಳೆನೀರಿನ ರಾಜಕಾಲುವೆಗೆ ಸೇರಿತು ಎಂಬುದು ವಾರ್ಡ್‌ನವರ ಕಣ್ಣಿಗಲ್ಲದೆ ಇನ್ನಾರ ಕಣ್ಣಿಗೂ ಬೀಳುವುದಿಲ್ಲ.

2024ರ ಅಕ್ಟೋಬರ್‌ನ ಮಳೆಯ ದಿನಗಳಲ್ಲಿ ಕೆಂಗೇರಿ ಕೆರೆಯಲ್ಲಿ ಇಬ್ಬರು ಮಕ್ಕಳು ಮುಳುಗಿ ತೀರಿಕೊಂಡರು. ಆ ಸುದ್ದಿ ಬಂದ ದಿನ ನಮ್ಮ ಓಣಿಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಕೆರೆಯ ದಂಡೆಯಲ್ಲಿ ಬೇಲಿ ಎಲ್ಲಿ ಮುರಿದಿದೆ, ಮಕ್ಕಳು ಎಲ್ಲಿ ಇಳಿಯುತ್ತಾರೆ ಎಂದು ತಿಂಗಳಿಗೊಮ್ಮೆ ಸುತ್ತಿ ನೋಡಲು ಕೋಟಿಗಟ್ಟಲೆ ಹಣ ಬೇಡ. ಸುತ್ತಿ ನೋಡುವುದು ತನ್ನ ಕೆಲಸ ಎಂದುಕೊಂಡ ಒಬ್ಬರು ಬೇಕು.

ಆರೋಗ್ಯದ ಬಗ್ಗೆಯೂ ಹೇಳಬೇಕು. ಹೊರವಲಯದಲ್ಲಿ ದೊಡ್ಡ ಖಾಸಗಿ ಆಸ್ಪತ್ರೆಗಳಿವೆ, ಅವು ದುಡ್ಡಿದ್ದವರಿಗೆ. ನಗರಗಳಲ್ಲಿ 50 ಸಾವಿರ ಜನರಿಗೆ ಒಂದು ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕು ಎಂಬುದು ನಿಯಮ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ‘ನಮ್ಮ ಕ್ಲಿನಿಕ್’ಗಳು ತೆರೆದವು, ಒಳ್ಳೆಯ ಯೋಜನೆ. ಆದರೆ ಅವುಗಳಿಗೆ ಗೊತ್ತುಮಾಡಿದ ಸಮಯ ಬೆಳಿಗ್ಗೆ 9ರಿಂದ ಸಂಜೆ 4.30. ಕಟ್ಟಡ ಕೆಲಸದವರು ಆ ಹೊತ್ತಿಗೆ ಸಾರುವೆಯ ಮೇಲೆ ಇರುತ್ತಾರೆ. ಜ್ವರಕ್ಕೆ ಔಷಧಿ ತರಲು ಒಂದು ದಿನದ ಕೂಲಿ ಬಿಡಬೇಕು. ನಮ್ಮಂಥ ಊರಿನ ಕ್ಲಿನಿಕ್ ಸಂಜೆ ಎಂಟರವರೆಗೆ ತೆರೆದಿರಬೇಕು. ಅಲ್ಲಿ ಬಗೆಹರಿಯದ ಕಾಯಿಲೆ ಬಂದರೆ ಬಡವರು ವಿಕ್ಟೋರಿಯಾಗೋ ವಾಣಿವಿಲಾಸಕ್ಕೋ ಹೋಗಬೇಕು, ಅವು ಸುಮಾರು 15 ಕಿಲೋಮೀಟರ್ ಆಚೆ, ಮಾರುಕಟ್ಟೆಯ ಬಳಿ.

ನನಗೆ ಅತಿ ಹೆಚ್ಚು ಬೇಸರ ಕೊಡುವುದು ಗ್ರಂಥಾಲಯದ ವಿಷಯ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದ್ದು. ಅದರ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸೇರಿಸುತ್ತಾರೆ. ಈ ಊರಿನ ಪ್ರತಿ ಮನೆಯೂ ಕಟ್ಟುತ್ತಿದೆ. ಪುಸ್ತಕ ಓದದವರೂ ಕಟ್ಟುತ್ತಿದ್ದಾರೆ. ಇಷ್ಟೊಂದು ಮನೆಗಳು ಎದ್ದಿರುವ ಕಡೆ ಆ ಕರದಿಂದ ಬರುವ ಹಣ ಸಣ್ಣದಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಎರಡು ಕೋಣೆಯ ಮನೆಯಲ್ಲಿ ಟಿವಿ ಸದ್ದಿನ ನಡುವೆ ಕುಳಿತು ಓದುತ್ತಾರೆ, ಇಲ್ಲವೇ ತಿಂಗಳಿಗಿಷ್ಟು ಎಂದು ದುಡ್ಡು ಕೊಟ್ಟು ಖಾಸಗಿ ವಾಚನಾಲಯದಲ್ಲಿ ಕುರ್ಚಿ ಹಿಡಿಯುತ್ತಾರೆ. ಒಂದು ದೊಡ್ಡ ಮೇಜು, ಬೆಳಕು, ಫ್ಯಾನು, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ, ರಾತ್ರಿ ಒಂಬತ್ತರವರೆಗೆ ತೆರೆದಿರುವ ಬಾಗಿಲು: ಇಷ್ಟು ಸಾಕು. ನಮ್ಮ ಗ್ರಂಥಾಲಯ ಕರ ನಮ್ಮ ವಾರ್ಡ್‌ನಿಂದ ಎಷ್ಟು ಹೋಯಿತು, ನಮ್ಮ ವಾರ್ಡ್‌ಗೆ ಎಷ್ಟು ಬಂತು ಎಂದು ಸಭೆಯಲ್ಲಿ ನಿಂತು ಕೇಳುವ ಹಕ್ಕಿರುವವರು ಬೇಕು. 2025ರ ಏಪ್ರಿಲ್‌ನಿಂದ ಕಸ ವಿಲೇವಾರಿಗೂ ಆಸ್ತಿ ತೆರಿಗೆಯ ಜೊತೆ ಬಳಕೆದಾರರ ಶುಲ್ಕ ಕಟ್ಟುತ್ತಿದ್ದೇವೆ. ಕಟ್ಟಲು ಬೇಸರವಿಲ್ಲ. ನಮ್ಮ ಪ್ರತಿನಿಧಿಗಳು ಇಲ್ಲದ ಸಭೆಯಲ್ಲಿ ನಮ್ಮ ಮೇಲೆ ಶುಲ್ಕ ಹಾಕುವುದು ಮಾತ್ರ ಸರಿಯಲ್ಲ.

ಇಷ್ಟರಲ್ಲೇ ನಮ್ಮ ಪಕ್ಕದಲ್ಲಿ ಇನ್ನೊಂದು ಊರು ಏಳುತ್ತಿದೆ. ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ನಿರ್ಮಿಸುತ್ತಿರುವ ನಾಡಪ್ರಭು ಕೆಂಪೇಗೌಡ ಬಡಾವಣೆಗೆ ಅಧಿಸೂಚನೆಯಾದದ್ದು 4,000 ಎಕರೆಗೂ ಮೇಲೆ. 2016ರಿಂದ ನಿವೇಶನ ಹಂಚುತ್ತಿದ್ದಾರೆ. ಧೈರ್ಯ ಮಾಡಿ ಮನೆ ಕಟ್ಟಿಕೊಂಡವರು ನೀರು, ಒಳಚರಂಡಿ, ವಿದ್ಯುತ್ತಿಗಾಗಿ ವರ್ಷಗಟ್ಟಲೆ ಅಲೆದಿದ್ದಾರೆ. ಉಪನಗರದಲ್ಲಿ ಕಂಡ ಹಳೆಯ ಕ್ರಮವೇ ಅಲ್ಲಿಯೂ ನಡೆಯುತ್ತಿದೆ: ಮೊದಲು ನಿವೇಶನ, ಆಮೇಲೆ ಮನೆ, ಆಮೇಲೆ ಬೋರ್‌ವೆಲ್, ಎಲ್ಲ ಮುಗಿದ ಮೇಲೆ ಸೌಲಭ್ಯ.

ಒಂದು ವಿಷಯದಲ್ಲಿ ಮಾತ್ರ ಇನ್ನೂ ಕಾಲ ಮಿಂಚಿಲ್ಲ. ಬಿಡಿಎ ಕಾಯ್ದೆಯ ಪ್ರಕಾರ ಬಡಾವಣೆಯ ಶೇ 15ರಷ್ಟು ಜಾಗ ಉದ್ಯಾನ ಮತ್ತು ಆಟದ ಮೈದಾನಕ್ಕೆ, ಅದರ ಮೇಲೆ ಶೇ 10ರಷ್ಟು ನಾಗರಿಕ ಸೌಲಭ್ಯಕ್ಕೆ ಮೀಸಲಿರಬೇಕು. ಜನ ಸಿ.ಎ. ನಿವೇಶನ ಎನ್ನುವುದು ಇದನ್ನೇ. ನಕ್ಷೆಯಲ್ಲಿರುವಷ್ಟೂ ಬಡಾವಣೆಯಾದರೆ ಶೇ 10 ಎಂದರೆ 400 ಎಕರೆ. ಒಂದು ಸರ್ಕಾರಿ ಆಸ್ಪತ್ರೆಗೆ, ಪದವಿಪೂರ್ವ ಕಾಲೇಜಿಗೆ, ಹತ್ತಾರು ಅಂಗನವಾಡಿಗಳಿಗೆ, ಗ್ರಂಥಾಲಯಗಳಿಗೆ, ಸ್ಮಶಾನಕ್ಕೆ, ಬಸ್ ಡಿಪೊಗೆ ಧಾರಾಳವಾಗಿ ಸಾಲುವ ಭೂಮಿ. ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆ ಕೊಡಲು ಅವಕಾಶವಿದೆ ಎಂದು ಅದನ್ನೆಲ್ಲ ಹಂಚಿಬಿಟ್ಟರೆ ಮುಂದೆ ಎಷ್ಟು ಹಣ ಸುರಿದರೂ ಆ ಜಾಗ ಮರಳಿ ಸಿಗುವುದಿಲ್ಲ. ಸಾರ್ವಜನಿಕ ಸೇವೆಗಳ ಪಟ್ಟಿ ಮೊದಲು ಆಗಲಿ, ಅದಕ್ಕೆ ಬೇಕಾದ ಜಾಗವನ್ನು ಸರ್ಕಾರ ತನ್ನ ಕೈಯಲ್ಲೇ ಇಟ್ಟುಕೊಳ್ಳಲಿ, ಉಳಿದದ್ದು ಮಾತ್ರ ಗುತ್ತಿಗೆಗೆ ಹೋಗಲಿ.

ಪಾಲಿಕೆ ಚುನಾವಣೆ ಎಂದು ನಡೆದರೂ ನಮ್ಮ ಬಾಗಿಲಿಗೆ ಬರುವ ಅಭ್ಯರ್ಥಿಗಳನ್ನು ನಾನು ಕೇಳುವುದು ಹೆಚ್ಚಿಲ್ಲ. ವಾರ್ಡ್‌ನೊಳಗೆ ಬೆಳಿಗ್ಗೆ ಎರಡು ಗಂಟೆ ತೆರೆದಿರುವ ಕಚೇರಿ ಮಾಡುತ್ತೀರಾ? ಸಂವಿಧಾನವೇ ಹೇಳಿರುವ ವಾರ್ಡ್ ಸಮಿತಿಯನ್ನು ತಿಂಗಳಿಗೊಮ್ಮೆ ಕರೆದು, ಅಲ್ಲಿ ಆದ ತೀರ್ಮಾನಗಳನ್ನು ಕನ್ನಡದಲ್ಲಿ ಬರೆದು ಕಚೇರಿಯ ಗೋಡೆಗೆ ಅಂಟಿಸುತ್ತೀರಾ? ಆ ಸಮಿತಿಯಲ್ಲಿ ಹಳೇ ಕೆಂಗೇರಿಯವರೂ ಉಪನಗರದವರೂ ಶಿರ್ಕೆ ಅಪಾರ್ಟ್‌ಮೆಂಟ್‌ನವರೂ ಪೌರಕಾರ್ಮಿಕರೂ ಒಟ್ಟಿಗೆ ಕೂರುವಂತೆ ನೋಡಿಕೊಳ್ಳುತ್ತೀರಾ? ಒಪ್ಪಿದವರು ಯಾವ ಪಕ್ಷದವರಾದರೂ ಅವರ ಜೊತೆ ಮನೆ ಮನೆಗೆ ಹೋಗಿ ಮತ ಕೇಳಲು ನಾನು ಸಿದ್ಧನಿದ್ದೇನೆ.

ಹೊಸದಾಗಿ ಬಂದಿರುವ ನೆರೆಹೊರೆಯವರಲ್ಲಿ ಒಂದು ಕೋರಿಕೆ. ನಿಮ್ಮಲ್ಲಿ ತುಂಬಾ ಜನರ ಹೆಸರು ಈಗಲೂ ವಿಜಯನಗರದಲ್ಲೋ ಮಂಡ್ಯದಲ್ಲೋ ಹಾಸನದಲ್ಲೋ ಮತದಾರರ ಪಟ್ಟಿಯಲ್ಲಿದೆ. ಬಾಡಿಗೆಗೆ ಇರುವವರಿಗೂ ಇಲ್ಲಿ ಮತ ಹಾಕುವ ಹಕ್ಕಿದೆ. ವಿಳಾಸ ಬದಲಾವಣೆಗೆ ನಮೂನೆ 8 ತುಂಬಿಸಿದರೆ ಸಾಕು, ಆನ್‌ಲೈನ್‌ನಲ್ಲೂ ಆಗುತ್ತದೆ. ಹೊಸ ವಾರ್ಡ್‌ಗಳ ಗಡಿ ಬದಲಾಗಿರುವುದರಿಂದ ಹಳಬರೂ ತಮ್ಮ ಹೆಸರು ಯಾವ ವಾರ್ಡ್‌ನಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳಿ. ಅರ್ಜಿ ತುಂಬಲು ಗೊತ್ತಾಗದವರಿದ್ದರೆ ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬನ್ನಿ, ಕುಳಿತು ತುಂಬಿಸಿಕೊಡುತ್ತೇನೆ.